ಹೆಲ್ಮ್ ಬೀಸುವಾಗ ಆಡಿದ ಮಾತು

ಬೆಟ್ಟದ ಬುಡದ ನಮ್ಮ ಕೆಲ್ಡ್‌ಬಿ ಊರಿನಲ್ಲಿ ಹೆಲ್ಮ್ ಗಾಳಿ ಬೀಸುವಾಗ ಆಡಿದ ಮಾತು ಲೆಕ್ಕಕ್ಕಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದೆಲ್ಲ ಬೆಟ್ಟದಿಂದ ದೂರ ಇರುವ ಊರುಗಳಿಗೆ. ಇಲ್ಲಿ ಹೆಲ್ಮ್ ಎದ್ದಾಗ ಗಂಡ ಹೆಂಡತಿಗೆ ಏನಂದರೂ, ಅಣ್ಣ ತಮ್ಮನಿಗೆ ಏನಂದರೂ, ಪಾದ್ರಿಗೆ ಯಾರು ಏನಂದರೂ, ಗಾಳಿ ನಿಂತ ಮೇಲೆ ಅದು ಆಡದ ಮಾತೇ. ನಿಜವಾಗಿ ಮನಸ್ಸಿನಲ್ಲಿದ್ದದ್ದೇ ಆಗಿದ್ದರೆ ಗಾಳಿ ನಿಂತ ಮೊದಲ ದಿನ ಬಂದು ಇನ್ನೊಮ್ಮೆ ಹೇಳಬೇಕು. ಹೇಳದಿದ್ದರೆ ಕೇಳಿಸಿಕೊಂಡವರು ಮರೆಯಬೇಕು. ಮರೆಯಲಾಗದಿದ್ದರೂ ಮರೆತವರ ಹಾಗೆ ಇರಬೇಕು.

ಹೊರಗಿನವರು ಇದಕ್ಕೆ ನಗುತ್ತಾರೆ. ನಾಲ್ಕು ದಿನ ಹೆಲ್ಮಿನಲ್ಲಿ ಕೂತು ಆಮೇಲೆ ನಗಲಿ. ಬೆಟ್ಟದ ತಲೆಯ ಮೇಲೆ ಬಿಳಿ ಮೋಡ ಟೋಪಿಯ ಹಾಗೆ ಕೂರುತ್ತದೆ. ಅದರೆದುರು, ಕಣಿವೆಯ ಮೇಲೆ, ಇನ್ನೊಂದು ಮೋಡ ಉದ್ದಕ್ಕೆ ಪಟ್ಟಿಯಾಗಿ ನಿಲ್ಲುತ್ತದೆ. ಎರಡರ ನಡುವೆ ನಮ್ಮ ಊರು. ಬೆಟ್ಟ ಇಳಿದು ಬರುವ ಗಾಳಿ ಒಂದೇ ಸ್ವರದಲ್ಲಿ ಮೊರೆಯುತ್ತಲೇ ಇರುತ್ತದೆ. ಕೋಳಿ ಮೊಟ್ಟೆ ಇಡುವುದಿಲ್ಲ, ಹಸು ಹಾಲು ಕರೆಯುವವರನ್ನು ಒದೆಯುತ್ತದೆ, ಹಲ್ಲು ಕಚ್ಚಿಕೊಂಡೇ ಇದ್ದು ದವಡೆ ನೋಯುತ್ತದೆ. ಎರಡು ಮೈಲಿ ಆಚೆ, ಆ ಪಟ್ಟಿಯ ಕೆಳಗೆ, ಒಂದು ಎಲೆಯೂ ಅಲುಗುವುದಿಲ್ಲ. ಹಾಗಾಗಿ ಫೋನಿನಲ್ಲಿ ಬರುವ ಮುನ್ಸೂಚನೆ ನಮಗೆ ಯಾವ ಕೆಲಸಕ್ಕೂ ಬಾರದು. ನನ್ನ ಚಾವಣಿಯ ಹೆಂಚು ಹಾರಿ ಪಕ್ಕದ ಹೊಲಕ್ಕೆ ಬಿದ್ದ ದಿನವೂ ಅದು ತಂಗಾಳಿ ಎಂದೇ ಹೇಳುತ್ತಿತ್ತು.

ಅದಕ್ಕೇ ಊರು ನೋಡುವುದು ನನ್ನ ಹಲಗೆಯನ್ನು. ನಾನು ಹೆಸ್ಟರ್ ಬೆಲ್ಲಾಸ್. ಊರಿಗಿರುವ ಒಂದೇ ಅಂಗಡಿ ನನ್ನದು, ಅದರ ಬಾಗಿಲ ಪಕ್ಕದಲ್ಲಿ ಕರಿಹಲಗೆ. ಮೊದಲು ಅಜ್ಜ, ಆಮೇಲೆ ಅಮ್ಮ, ಈಗ ಇಪ್ಪತ್ತೆಂಟು ವರ್ಷದಿಂದ ನಾನು ಬೆಳಿಗ್ಗೆ ಆರಕ್ಕೆ ಹಿತ್ತಲಿಗೆ ಹೋಗಿ ಬೆಟ್ಟ ನೋಡಿ, ಏಳರೊಳಗೆ ಬರೆಯುವುದು: "ಹೆಲ್ಮ್ ಇಲ್ಲ" ಅಥವಾ "ಹೆಲ್ಮ್, ಎರಡನೇ ದಿನ". ಅದನ್ನು ನೋಡಿಕೊಂಡು ಜನ ಬಟ್ಟೆ ಒಣಹಾಕುತ್ತಾರೆ, ಏಣಿ ಹತ್ತುತ್ತಾರೆ, ಕುರಿ ಹೊರಗೆ ಬಿಡುತ್ತಾರೆ. ಯಾರ ಮಾತು ಲೆಕ್ಕಕ್ಕಿದೆ, ಯಾರದು ಇಲ್ಲ ಎಂದು ತೀರ್ಮಾನವಾಗುವುದೂ ಅದರಿಂದಲೇ. ಅಮ್ಮ ನನಗೆ ಕಲಿಸಿದ ನಿಯಮ ಒಂದೇ. ಗಾಳಿ ನಿಂತರೆ ಸಾಲದು, ಪಟ್ಟಿ ಒಡೆಯಬೇಕು, ಅಲ್ಲಿಯವರೆಗೆ ಹಲಗೆ ಒರೆಸಕೂಡದು. ಹೆಲ್ಮ್ ನಡುನಡುವೆ ಉಸಿರು ತೆಗೆದುಕೊಳ್ಳುತ್ತದೆ. ಎರಡು ಮೂರು ಗಂಟೆ ಸುಮ್ಮನಿದ್ದು ಮತ್ತೆ ಬರುತ್ತದೆ.

ಈ ಏಪ್ರಿಲ್‌ನಲ್ಲಿ, ಹೆಲ್ಮ್ ಎದ್ದ ಎರಡನೇ ದಿನ, ಲ್ಯಾಂಟಿ ಡಾರ್ಗ್ ಅಂಗಡಿಗೆ ಬಂದ. ಬೆಟ್ಟದ ಬುಡದ ಕೊನೆಯ ಮನೆ ಅವನದು. ಐವತ್ತೇಳು ವಯಸ್ಸು, ಒಂಟಿ ಮನುಷ್ಯ, ಜೊತೆಗೆ ನೂರೈವತ್ತು ಕುರಿ. ಅವನೂ ನಾನೂ ಒಂದೇ ಶಾಲೆಯಲ್ಲಿ ಓದಿದವರು. ಮಾತಾಡುವುದೆಂದರೆ ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಅದು ಕುರಿ ಮರಿಹಾಕುವ ಕಾಲ, ತಬ್ಬಲಿ ಮರಿಗಳಿಗೆ ಕುಡಿಸಲು ಹಾಲಿನ ಪುಡಿ ಬೇಕಾಗಿತ್ತು. ಒಲೆಯ ಪಕ್ಕದ ಕುರ್ಚಿಯಲ್ಲಿ ಪೆಗ್ಗಿ ಚಿಕ್ಕಮ್ಮ ಪೇಪರ್ ಹಿಡಿದು ಕೂತಿದ್ದಳು. ಅವಳು ನನಗೆ ಯಾವ ಕಡೆಯಿಂದಲೂ ಚಿಕ್ಕಮ್ಮನಲ್ಲ. ಎಂಬತ್ತೆರಡು ದಾಟಿದ ಅವಳನ್ನು ಊರೆಲ್ಲ ಹಾಗೇ ಕರೆಯುತ್ತದೆ.

ನಾನು ಪುಡಿಯ ಚೀಲವನ್ನು ಎತ್ತಿ ಮುಂದೆ ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಏನೋ ಅಂದ. ಗಾಳಿಗೆ ಕೇಳಿಸಲಿಲ್ಲ.

"ಏನಂದೆ?"

"ನಾವಿಬ್ರೂ ಮದ್ವೆ ಆಗೋಣ್ವಾ?" ಎಂದು ಕೂಗಿದ. ಬೆಟ್ಟದ ಮೇಲಿನ ನಾಯಿಯನ್ನು ಅವನು ಕೂಗಿ ಕರೆಯುವುದೂ ಹಾಗೇ.

ಅವನ ಮುಖ ಕಿವಿಯವರೆಗೆ ಕೆಂಪೇರಿತು. ಚೀಲವನ್ನು ಹೆಗಲಿಗೆ ಹಾಕಿಕೊಂಡು, ಗಾಳಿ ಒತ್ತಿ ಹಿಡಿದಿದ್ದ ಬಾಗಿಲಿನೊಂದಿಗೆ ಎರಡು ಸಲ ಗುದ್ದಾಡಿ, ಹೊರಟೇಹೋದ.

"ಕೇಳಿಸ್ತೇನೇ?" ಅಂದಳು ಪೆಗ್ಗಿ.

"ನನಗೇನೂ ಕೇಳಿಸ್ಲಿಲ್ಲ."

"ಬಿಡೇ, ಕಿವುಡಿ ನನಗೇ ಕೇಳಿಸ್ತು. ಗಾಳಿ ಬಂದಾಗ ತೂರ್ಕೊಳ್ಳೋದು ಅಂದ್ರೆ ಇದೇ ನೋಡು. ನಲವತ್ತು ವರ್ಷ ಬಾಯಿ ಹೊಲ್ಕೊಂಡಿದ್ದ ಮುಂಡೇಗಂಡ!"

"ಹೆಲ್ಮ್ ಮಾತು ಚಿಕ್ಕಮ್ಮ. ಲೆಕ್ಕಕ್ಕಿಲ್ಲ."

"ಅದಕ್ಕೇ ಕಣೇ ಇವತ್ತು ಕೇಳಿದ್ದು. ನೀನು ಥೂ ಅಂದ್ರೂ ಮಾನ ಉಳಿಯುತ್ತೆ. ಗಾಳಿ ನಿಂತ ದಿನ ಬರ್ತಾನಾ, ಅದು ಮುಖ್ಯ. ನಮ್ಮೆಜಮಾನ್ರು ಹೆಲ್ಮಲ್ಲಿ ನಮ್ಮಮ್ಮನ್ನ ಹಂದಿ ಅಂದ್ಬಿಟ್ಟಿದ್ರು. ಗಾಳಿ ನಿಂತ ದಿನ ಬೆಳಿಗ್ಗೆಯಿಂದ ನಮ್ಮಮ್ಮ ಬಾಗ್ಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ಲು, ಇನ್ನೊಂದ್ಸಲ ಅನ್ಲಿ ನೋಡೋಣ ಅಂತ."

"ಅಂದ್ರಾ?"

"ಎಲ್ಲಿ ಅಂತಾರೆ? ಕೇಕ್ ತಂದ್ಕೊಟ್ರು."

ಸಂಜೆಯೊಳಗೆ ಸುದ್ದಿ ಊರು ತುಂಬಿತು. ನಿಯಮದ ಪ್ರಕಾರ ಯಾರೂ ಒಂದು ಮಾತೂ ಎತ್ತಲಿಲ್ಲ. ಎಲ್ಲರಿಗೂ ಅಂದೇ ಸಕ್ಕರೆ ಮುಗಿದಿತ್ತು, ಎಲ್ಲರಿಗೂ ಬೆಂಕಿಪೊಟ್ಟಣ ಬೇಕಾಗಿತ್ತು, ಬಂದು ನನ್ನ ಮುಖ ನೋಡಿ ಹೋದರು ಅಷ್ಟೆ.

ನನಗೆ ಐವತ್ತಾರು. ಕಾಯಿಲೆಯ ಅಮ್ಮನನ್ನು ನೋಡಿಕೊಂಡು, ಅಂಗಡಿ ನೋಡಿಕೊಂಡು, ಮದುವೆಯ ಮಾತು ಯಾವತ್ತೋ ಮುಗಿಯಿತೆಂದು ಬಾಗಿಲು ಹಾಕಿ ಕೂತಿದ್ದೆ. ಮರುದಿನ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಗೊತ್ತಾಯಿತು, ನನಗೆ ಅದು ಬೇಕು. ಲ್ಯಾಂಟಿ ಬೇಕು, ಅವನ ಮಣ್ಣು ಮೆತ್ತಿದ ಬೂಟು ನನ್ನ ಬಾಗಿಲಲ್ಲಿ ಇರಬೇಕು. ಅವನು ಇನ್ನೊಮ್ಮೆ ಕೇಳದಿದ್ದರೆ ನಾನೇನೂ ಸಾಯುವುದಿಲ್ಲ, ಆದರೆ ಮೊದಲಿನ ಹಾಗೆ ನೆಮ್ಮದಿಯಾಗಿ ಇರಲಾರೆ. ಗಾಳಿ ಮಾತ್ರ ನಿಲ್ಲಬೇಕಾಗಿತ್ತು.

ಹೆಲ್ಮ್ ಮೂರು ದಿನ, ಮೂರು ದಾಟಿದರೆ ಆರು, ಆರು ದಾಟಿದರೆ ಒಂಬತ್ತು ಎನ್ನುವುದು ಊರಿನ ಲೆಕ್ಕ. ಮೂರು ದಾಟಿತು. ನಾನು ಗಂಟೆಗೊಮ್ಮೆ ಹಿತ್ತಲಿಗೆ ಹೋಗಿ ಬೆಟ್ಟ ನೋಡತೊಡಗಿದೆ. ನಾಲ್ಕನೇ ದಿನ ಹಿಟ್ಟಿನ ಬದಲು ಸೋಪಿನ ಪುಡಿ ಕಟ್ಟಿಕೊಟ್ಟೆ. ಐದನೇ ದಿನ ಪಾದ್ರಿಯ ಮೇಲೆ ರೇಗಿದೆ, ಅವರೂ ನನ್ನ ಮೇಲೆ ರೇಗಿದರು, ಇಬ್ಬರಿಗೂ ಸ್ವಲ್ಪ ಹಗುರವಾಯಿತು. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಕಪಾಟಿನಲ್ಲಿದ್ದ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಅಲ್ಲೇ ಇಟ್ಟೆ. ಲ್ಯಾಂಟಿ ಊರ ಕಡೆ ಬರಲೇ ಇಲ್ಲ. ಹೆಲ್ಮಿನಲ್ಲಿ ಅಂಥ ಮಾತಾಡಿದವನು ಗಾಳಿ ನಿಲ್ಲುವವರೆಗೆ ಮುಖ ತೋರಿಸಬಾರದು, ಅದೂ ನಿಯಮವೇ. ಬೇಲಿಯ ಹತ್ತಿರ ನಿಂತರೆ ಅವನ ಕೊಟ್ಟಿಗೆಯ ಮಾಡು ಕಾಣುತ್ತಿತ್ತು. ನಾನು ಬೇಕೆಂತಲೇ ನಿಲ್ಲುತ್ತಿದ್ದೆ. ಆರೂ ದಾಟಿತು.

ಏಳನೇ ದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಮೌನ. ಕಿಟಕಿ ಅಲುಗುತ್ತಿರಲಿಲ್ಲ. ಎಲ್ಲೋ ದೂರದಲ್ಲಿ ಒಂದು ಹುಂಜ ಕೂಗಿತು. ಬರಿಗಾಲಲ್ಲೇ ಹಿತ್ತಲಿಗೆ ಓಡಿದೆ.

ಪಟ್ಟಿ ಹಾಗೇ ಇತ್ತು. ಒಂದು ಕಡೆಯೂ ಒಡೆದಿರಲಿಲ್ಲ. ಬೆಟ್ಟದ ಟೋಪಿಯೂ ಅಲ್ಲೇ ಇತ್ತು. ಹೆಲ್ಮ್ ಉಸಿರು ತೆಗೆದುಕೊಳ್ಳುತ್ತಿದೆ, ಬೆಳಿಗ್ಗೆ ಹತ್ತು ಹೊಡೆಯುವುದರೊಳಗೆ ಮತ್ತೆ ಬರುತ್ತದೆ ಎಂದು ಕೆಲ್ಡ್‌ಬಿಯ ಯಾವ ಮಗುವಾದರೂ ಹೇಳುತ್ತಿತ್ತು. ನಾನು ಅದನ್ನು ಚೆನ್ನಾಗಿ ನೋಡಿದೆ. ಕಣ್ಣು ಮಂಜಾಗಿತ್ತು, ಬೆಳಕು ಸಾಲದಾಗಿತ್ತು ಎಂದೆಲ್ಲ ನೆಪ ಹೇಳುವುದಿಲ್ಲ. ನೋಡಿ, ಒಳಗೆ ಹೋಗಿ, ಒದ್ದೆ ಬಟ್ಟೆ ತಂದು ಹಲಗೆ ಒರೆಸಿ, "ಹೆಲ್ಮ್ ಮುಗಿಯಿತು" ಎಂದು ಬರೆದೆ. ಒಂದು ಬೆಳಗು ಸಾಕಿತ್ತು ನನಗೆ. ಅವನು ಬಂದು ಒಂದು ಮಾತು ಹೇಳಿ ಹೋಗಲು ಎಷ್ಟು ಹೊತ್ತು ಬೇಕು? ಅದಾದ ಮೇಲೆ ಗಾಳಿ ಬಂದು ಊರನ್ನೇ ಎತ್ತಿಕೊಂಡು ಹೋಗಲಿ ಎಂದುಕೊಂಡು ನೀಲಿ ಸ್ವೆಟರ್ ಹಾಕಿಕೊಂಡೆ.

ಏಳೂವರೆಗೆ ಲ್ಯಾಂಟಿಯ ಟ್ರ್ಯಾಕ್ಟರ್ ಬಂತು. ಇಳಿಯಲಿಲ್ಲ. ಹಲಗೆ ಓದಿದ, ನನ್ನ ಕಡೆ ತಿರುಗಿದ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕ.

"ಹನ್ನೊಂದು ಗಂಟೆಗೆ ಬರ್ತೀನಿ, ಹೆಸ್ಟರ್! ಕೊಟ್ಟಿಗೇಲಿ ಏಳು ದಿನದಿಂದ ತುಂಬ್ಕೊಂಡು ಮರಿಗೆಲ್ಲ ಭೇದಿ ಶುರುವಾಗಿದೆ. ಮೇಲಿನ ಹುಲ್ಲಿಗೆ ಬಿಟ್ಟು, ಸ್ನಾನ ಮಾಡ್ಕೊಂಡು ಬಂದ್ಬಿಡ್ತೀನಿ!"

ಮೇಲಿನ ಹುಲ್ಲು ಎಂದರೆ ಬೆಟ್ಟದ ಮಗ್ಗುಲು. ಹೆಲ್ಮ್ ಮೊದಲು ಇಳಿಯುವುದೇ ಅಲ್ಲಿಗೆ. ಆಗ ಕೂಗಬಹುದಿತ್ತು. ಬೇಡ ಕಣೋ, ನಿಲ್ಲು, ನೋಡಲ್ಲಿ ಪಟ್ಟಿ, ಎಂದರೆ ಸಾಕಿತ್ತು. ಆದರೆ ಅಷ್ಟು ಅಂದರೆ ನಾನೇಕೆ ಹಾಗೆ ಬರೆದೆ ಎನ್ನುವುದನ್ನೂ ಹೇಳಬೇಕಾಗಿತ್ತು. ನಾನು ಕೈ ಎತ್ತಿ ಬೀಸಿದೆ. ಅವನೂ ಕೈ ಬೀಸಿ ಹೋದ.

ಹತ್ತಕ್ಕೆ ಇನ್ನೂ ಕಾಲು ಗಂಟೆ ಇತ್ತು, ಬೆಟ್ಟ ಗುಡುಗಿತು. ಅಂಗಡಿಯ ಬಾಗಿಲು ತಾನೇ ತೆರೆದು ಗೋಡೆಗೆ ಅಪ್ಪಳಿಸಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅಮ್ಮನ ಹಳೆಯ ಕೋಟು ಸಿಕ್ಕಿತು, ಅದನ್ನು ಹಾಕಿಕೊಂಡು ಬಾಗಿಲಿಗೆ ಬೀಗವನ್ನೂ ಹಾಕದೆ ಓಡಿದೆ. ದಾರಿಯ ಕೊನೆಯ ಅರ್ಧ ಮೈಲಿ ನಡೆಯಲು ಆಗಲಿಲ್ಲ, ಕಲ್ಲುಗೋಡೆ ಹಿಡಿದು ಬಾಗಿಕೊಂಡು ಹೋದೆ. ಗಾಳಿಯ ಜೊತೆ ಹಿಮ ಬೆರೆತ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು.

ಲ್ಯಾಂಟಿ ಗೋಡೆಯ ಮರೆಯಲ್ಲಿ ಮಂಡಿಯೂರಿದ್ದ. ಮೈಮೇಲೆ ಅಂಗಿ ಮಾತ್ರ ಇತ್ತು, ಕೋಟು ಬಿಚ್ಚಿ ಮರಿಗಳ ಮೇಲೆ ಹೊದಿಸಿದ್ದ. ಎರಡು ಮೂರು ದಿನದ ಮರಿಗಳವು, ಕಾಲು ಇನ್ನೂ ನೆಟ್ಟಗೆ ನಿಲ್ಲದವು. ಗಾಳಿ ಕೆಲವನ್ನು ಎತ್ತಿ ಗೋಡೆಗೆ ಬಡಿದಿತ್ತು, ಉಳಿದವು ನೆನೆದು ಸೆಟೆದಿದ್ದವು. ತಾಯಿ ಕುರಿಗಳು ಅರಚುತ್ತಾ ಸುತ್ತ ಓಡುತ್ತಿದ್ದವು. ಅವನು ನನ್ನನ್ನು ನೋಡಿ ಎರಡು ಮರಿ ಎತ್ತಿ ನನ್ನ ಕೋಟಿನೊಳಗೆ ತುರುಕಿದ. ಮಧ್ಯಾಹ್ನದವರೆಗೆ ಹೊತ್ತೆವು. ಕೊಟ್ಟಿಗೆಗೆ ಹೋಗಿ ಇಳಿಸುವುದು, ಮತ್ತೆ ಹತ್ತುವುದು. ಹದಿಮೂರು ಮರಿ ಸತ್ತವು. ಒಂದು ತಾಯಿಯೂ ಗೋಡೆಯಾಚೆಗೆ ಬಿದ್ದು ಕತ್ತು ಮುರಿದುಕೊಂಡಿತು.

ಅವನ ಅಡುಗೆಮನೆಯಲ್ಲಿ ಒಲೆಯ ಬಾಗಿಲು ತೆರೆದು, ಬದುಕಬಹುದೆನ್ನಿಸಿದ ನಾಲ್ಕು ಮರಿಗಳನ್ನು ಗೋಣಿಯಲ್ಲಿ ಸುತ್ತಿ ಮುಂದೆ ಮಲಗಿಸಿದೆವು. ಅವನು ಟೀ ಮಾಡಿದ. ಸಕ್ಕರೆ ಮೇಜಿನ ಮೇಲೆಲ್ಲ ಚೆಲ್ಲಿತು.

"ನೀನು ಮನಸ್ಸಿಗೆ ಹಚ್ಕೋಬೇಡ, ಹೆಸ್ಟರ್," ಅಂದ. "ಹೆಲ್ಮ್ ಎಲ್ರಿಗೂ ಮೋಸ ಮಾಡುತ್ತೆ. ನಿಮ್ಮಮ್ಮ ಇದ್ದಿದ್ರೂ ಇವತ್ತು ತಪ್ಪು ಬರೀತಿದ್ರು."

ಅಮ್ಮನ ಹೆಸರು ಎತ್ತದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ.

"ನಾನು ತಪ್ಪು ಬರ್ದಿದ್ದಲ್ಲ, ಲ್ಯಾಂಟಿ. ಪಟ್ಟಿ ಕಾಣ್ತಾ ಇತ್ತು. ಕಣ್ಣಾರೆ ನೋಡ್ಕೊಂಡೇ ಬರ್ದೆ."

ಅವನು ಲೋಟ ಕೆಳಗಿಟ್ಟು ಬಗ್ಗಿ ಒಂದು ಮರಿಯ ಗೋಣಿ ಸರಿಮಾಡಿದ. ಹೊರಗೆ ಗಾಳಿ ಮನೆಯನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಆಮೇಲೆ ತಲೆ ಎತ್ತದೆಯೇ ನಿಧಾನವಾಗಿ ಅಂದ:

"ಹೆಲ್ಮ್ ಬೀಸ್ತಾ ಇದೆ. ಈಗ ಹೇಳಿದ್ದು ಲೆಕ್ಕಕ್ಕಿಲ್ಲ."

ಆ ಮನುಷ್ಯ ನನಗೆ ಪಾರಾಗುವ ಬಾಗಿಲು ತೆರೆದುಕೊಟ್ಟ. ನಾನು ಇನ್ನೊಮ್ಮೆ ಹೇಳದಿದ್ದರೆ ಸಾಕು. ಗಾಳಿ ನಿಂತ ದಿನ ಅವನು ಬರುತ್ತಾನೆ, ಕೇಳುತ್ತಾನೆ, ನಾನು ಹೂಂ ಅನ್ನುತ್ತೇನೆ. ಹದಿಮೂರು ಮರಿಗಳನ್ನು ಹೆಲ್ಮ್ ಕೊಂದಿತು ಎಂದಾಗುತ್ತದೆ. ಹಲಗೆ ನನ್ನದೇ ಇರುತ್ತದೆ, ಅವನೂ ನನ್ನವನಾಗುತ್ತಾನೆ. ಇಡೀ ಊರಿನ ಪದ್ಧತಿಯೇ ನನ್ನ ಬೆನ್ನಿಗೆ ನಿಂತಿತ್ತು.

ಮುಂದಿನ ಎರಡು ದಿನ ನಾನು ಪಂಜರದಲ್ಲಿನ ಪ್ರಾಣಿಯ ಹಾಗೆ ಅಂಗಡಿಯೊಳಗೆ ತಿರುಗಿದೆ. ಹೇಳುವುದಿಲ್ಲ ಎಂದು ಬೆಳಿಗ್ಗೆ ನಿರ್ಧಾರ, ಹೇಳುತ್ತೇನೆ ಎಂದು ಮಧ್ಯಾಹ್ನ ನಿರ್ಧಾರ. ಗಾಳಿ ನಿಲ್ಲಲಿ ಎಂದು ಬೇಡಿಕೊಂಡ ಅದೇ ಬಾಯಲ್ಲಿ ನಿಲ್ಲದಿರಲಿ ಎಂದು ಬೇಡಿಕೊಂಡೆ. ಪೆಗ್ಗಿ ನನ್ನನ್ನು ಕಣ್ಣಲ್ಲೇ ಅಳೆಯುತ್ತಿದ್ದಳು.

"ಯಾಕೇ ಹಿಂಗೆ ಓಡಾಡ್ತೀಯ, ಮೊಟ್ಟೆ ಇಡೋಕೆ ಜಾಗ ಹುಡುಕ್ತಿರೋ ಕೋಳಿ ಥರ?"

"ಸುಮ್ನೆ ಪೇಪರ್ ಓದಿ ಚಿಕ್ಕಮ್ಮ."

"ಓದಿ ಆಯ್ತು. ಅದ್ರಲ್ಲಿ ನಿನ್ನಷ್ಟು ಸುದ್ದಿ ಇಲ್ಲ."

ಹತ್ತನೇ ದಿನ ಬೆಳಿಗ್ಗೆ ಪಟ್ಟಿ ನಡುವೆ ಒಡೆದು, ತುಂಡು ತುಂಡಾಗಿ ತೇಲಿ ಹೋಗುತ್ತಿತ್ತು. ಹಿಂದೆ ಸ್ವಚ್ಛ ಆಕಾಶ. "ಹೆಲ್ಮ್ ಮುಗಿಯಿತು" ಎಂದು ಬರೆದೆ. ಈ ಸಲ ನಿಜ. ಒಂಬತ್ತಕ್ಕೆ ಲ್ಯಾಂಟಿ ಬಂದ, ಬಿಳಿ ಅಂಗಿ ಹಾಕಿಕೊಂಡು, ಕೂದಲನ್ನು ನೀರು ಹಚ್ಚಿ ಬಾಚಿಕೊಂಡು. ಅಂಗಡಿಯಲ್ಲಿ ಪೆಗ್ಗಿ ಇದ್ದಳು, ಪಾದ್ರಿ ಇದ್ದರು, ಸಕ್ಕರೆ ಮುಗಿದವರು ಇನ್ನೂ ಐದಾರು ಜನ ಇದ್ದರು. ಎಲ್ಲರೂ ಕಪಾಟುಗಳನ್ನು ಬಹಳ ಗಮನದಿಂದ ನೋಡುತ್ತಿದ್ದರು.

ಅವನು ಟೋಪಿ ತೆಗೆದ. "ಹೆಸ್ಟರ್, ಅವತ್ತು ನಾನು..."

"ತಡಿ," ಅಂದೆ. "ಮೊದ್ಲು ನಾನು ಹೇಳ್ಬೇಕು. ಏಳನೇ ದಿನ ಬೆಳಿಗ್ಗೆ ಪಟ್ಟಿ ಒಡೆದಿರ್ಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೇ ಹಲಗೆ ಮೇಲೆ ಸುಳ್ಳು ಬರ್ದೆ. ನೀನು ಕುರಿ ಹೊರಗೆ ಬಿಡ್ತೀನಿ ಅಂದಾಗ್ಲೂ ಸುಮ್ನಿದ್ದೆ."

ಲ್ಯಾಂಟಿಯ ಕತ್ತಿನ ನರ ಉಬ್ಬಿತು.

"ನಾನು ಅದನ್ನ ಬಿಟ್ಬಿಟ್ಟಿದ್ನಲ್ಲ. ಯಾಕೆ ಮತ್ತೆ ಹೇಳ್ದೆ?"

"ನಿನ್ನ ಜೊತೆ ಒಂದೇ ಮನೇಲಿ ಇದ್ಕೊಂಡು ದಿನಾ ಮುಚ್ಚಿಡೋಕೆ ನನ್ಕೈಲಾಗಲ್ಲ."

"ಯಾಕೆ ಹಂಗೆ ಬರ್ದೆ?"

ಊರೆದುರು ಇದೊಂದನ್ನು ಕೇಳದಿರಲಿ ಎಂದುಕೊಂಡಿದ್ದೆ. "ನೀನು ಬೇಗ ಬರ್ಲಿ ಅಂತ," ಅಂದೆ. "ಬಂದು ಇನ್ನೊಂದ್ಸಲ ಕೇಳ್ಲಿ ಅಂತ."

ಅವನು ಟೋಪಿಯನ್ನು ಕೈಯಲ್ಲಿ ಮೂರು ಸುತ್ತು ತಿರುಗಿಸಿದ. ಅವನ ಕಣ್ಣಲ್ಲಿ ನೀರಿತ್ತು, ಕೋಪವೂ ಇತ್ತು.

"ಇವತ್ತು ಹೆಲ್ಮ್ ಇಲ್ಲ," ಅಂದ. "ಇವತ್ತು ಬಾಯಿ ಬಿಟ್ರೆ ಪ್ರತಿ ಮಾತೂ ಲೆಕ್ಕಕ್ಕೆ ಬರುತ್ತೆ. ನನ್ನ ಹೊಟ್ಟೇಲಿರೋ ಮಾತು ಲೆಕ್ಕಕ್ಕೆ ಬಂದ್ರೆ ನಮ್ಮಿಬ್ರ ಕಥೆ ಇಲ್ಲಿಗೇ ಮುಗೀತು. ನನಗೆ ಅದು ಬೇಡ. ಮುಂದಿನ ಹೆಲ್ಮ್ ಬರ್ಲಿ. ಬಂದು ಬಾಯಿಗೆ ಬಂದಂಗೆ ಬೈತೀನಿ. ಎಲ್ಲ ಬೈದು ಮುಗಿಸ್ತೀನಿ. ಅಲ್ಲೀವರ್ಗೂ ನನ್ನ ಏನೂ ಕೇಳ್ಬೇಡ."

ಹೊರಗೆ ಹೋಗಿ ಹಲಗೆಯ ಮುಂದೆ ನಿಂತ. ನಾನು ಬರೆದದ್ದನ್ನು ಓದಿದ, ತಲೆ ಎತ್ತಿ ಬೆಟ್ಟವನ್ನು ನೋಡಿದ, ಮತ್ತೆ ಹಲಗೆ ನೋಡಿದ. ಇಪ್ಪತ್ತೆಂಟು ವರ್ಷದಲ್ಲಿ ಅವನು ಹಾಗೆ ಮಾಡಿದ್ದು ಅದೇ ಮೊದಲು. ಅದು ನನ್ನನ್ನು ಕೊಯ್ದಷ್ಟು ಯಾವ ಬೈಗುಳವೂ ಕೊಯ್ಯುತ್ತಿರಲಿಲ್ಲ.

ಹಲಗೆಯನ್ನು ನನ್ನಿಂದ ತೆಗೆದುಕೊಳ್ಳಬೇಕೆಂದು ಊರಿನಲ್ಲಿ ಒಂದು ವಾರ ಮಾತಾಯಿತು. ಬೆಳಿಗ್ಗೆ ಆರಕ್ಕೆ ಏಳಲು ಯಾರೂ ಮುಂದೆ ಬರಲಿಲ್ಲ, ಮಾತು ಅಲ್ಲಿಗೇ ನಿಂತಿತು. ಆದರೆ ಎಲ್ಲರೂ ಓದಿದ ಮೇಲೆ ಬೆಟ್ಟದ ಕಡೆ ಒಮ್ಮೆ ಕಣ್ಣು ಹಾಯಿಸಿಯೇ ಹೋಗುತ್ತಿದ್ದರು. ಲ್ಯಾಂಟಿಯೂ ಅಷ್ಟೆ. ದಿನಾ ಬಂದು ಬ್ರೆಡ್ ತೆಗೆದುಕೊಳ್ಳುತ್ತಿದ್ದ. "ಬ್ರೆಡ್" ಎನ್ನುತ್ತಿದ್ದ, ನಾನು ಕೊಡುತ್ತಿದ್ದೆ. ಮೇ ಹೋಯಿತು, ಜೂನ್ ಹೋಯಿತು. ಅಂಥ ಬೇಸಿಗೆ ನಾನು ಕಂಡಿಲ್ಲ, ಗಾಳಿಯೇ ಇಲ್ಲ. ಬಟ್ಟೆ ಒಣಗಿತು, ಹುಲ್ಲು ಒಣಗಿತು, ಊರೆಲ್ಲ ಖುಷಿಯಾಗಿತ್ತು. ನಾನೊಬ್ಬಳು ಪ್ರತಿ ಬೆಳಿಗ್ಗೆ ಬೆಟ್ಟ ನೋಡಿ, ಬಾರೇ ಮಾರಾಯ್ತಿ, ಒಂದೇ ಒಂದು ದಿನ ಬಾ ಎಂದು ಗಾಳಿಯನ್ನು ಕರೆದು, "ಹೆಲ್ಮ್ ಇಲ್ಲ" ಎಂದು ಬರೆದು ಒಳಗೆ ಬರುತ್ತಿದ್ದೆ. ಬೆಟ್ಟದ ಮೇಲೆ ಯಾವುದೋ ಚೂರು ಮೋಡ ಕಂಡ ದಿನ ಕೈ ತುರಿಸುತ್ತಿತ್ತು. ಹಾಗಿದ್ದರೂ ಬರೆದದ್ದು "ಹೆಲ್ಮ್ ಇಲ್ಲ" ಎಂದೇ.

ಸೆಪ್ಟೆಂಬರ್ ಕೊನೆಯ ವಾರ ಒಂದು ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದರೆ ಅದು ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು. ಬೆಟ್ಟದ ಮೇಲೆ ಟೋಪಿ, ಎದುರಿಗೆ ಪಟ್ಟಿ. "ಹೆಲ್ಮ್, ಮೊದಲ ದಿನ" ಎಂದು ಬರೆಯುವಷ್ಟರಲ್ಲಿ ಸೀಮೆಸುಣ್ಣ ಎರಡು ಸಲ ಮುರಿಯಿತು.

ಎಂಟಕ್ಕೆ ಲ್ಯಾಂಟಿ ಬಂದ. ಪೆಗ್ಗಿ ಅವನ ಮುಖ ನೋಡಿ, ಪೇಪರ್ ಮಡಚಿ, ತನ್ನ ಆಯುಷ್ಯದಲ್ಲೇ ಮೊದಲ ಸಲ ಯಾರೂ ಹೇಳದೆ ಎದ್ದು ಹೋದಳು. ಅವನು ಬಾಗಿಲು ಒತ್ತಿ ಹಾಕಿ ಚಿಲಕ ಇಟ್ಟ.

"ಶುರು ಮಾಡ್ಲಾ?"

"ಮಾಡು."

ಮಾಡಿದ. ಮಾತು ಬಾರದವನೆಂದು ನಾವೆಲ್ಲ ತಿಳಿದಿದ್ದ ಆ ಮನುಷ್ಯ ಗಾಳಿಯ ಮೇಲೆ ಗಂಟಲು ಎತ್ತಿ ಒಂದು ಗಂಟೆ ಬೈದ. ಸತ್ತ ಒಂದೊಂದು ಮರಿಯ ತಾಯಿ ಯಾವುದು, ಅದು ಎಷ್ಟು ದಿನ ಮೊಲೆ ತುಂಬಿಕೊಂಡು ಗೋಡೆಯ ಹತ್ತಿರ ನಿಂತು ಕೂಗಿತು, ಎಲ್ಲ ಹೇಳಿದ. "ಕಿವಿ ಹರಿದ ಕುರಿ ಇದೆಯಲ್ಲ, ಅದರ ಮೊದ್ಲನೇ ಅವಳಿ ಕಣೇ ಅವು! ಸ್ನಾನ ಮಾಡಿ ಹೊಸ ಅಂಗಿ ಹಾಕ್ಕೊಳ್ಳೋಣ ಅಂತ ಓಡ್ತಿದ್ದೆ ನಾನು, ಮದುವೆ ಗಂಡಿನ ಥರ! ಅಷ್ಟೊತ್ತಿಗೆ ಅವು ಸಾಯ್ತಾ ಇದ್ವು!" ಎಂದು ಮೇಜು ಗುದ್ದಿದ. ನನ್ನನ್ನು ಸುಳ್ಳಿ ಅಂದ, ಸ್ವಾರ್ಥಿ ಅಂದ, ನಿನ್ನಮ್ಮನ ಹೆಸರು ಕೆಡಿಸಿದೆ ಅಂದ. ನಡುವೆ ಒಂದು ಸಲ ಅತ್ತ. ನಾನು ಅಡ್ಡ ಮಾತಾಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ನಿಂತು ಪೂರ್ತಿ ಕೇಳಿಸಿಕೊಂಡೆ. ಕೊನೆಗೆ ಅವನ ದನಿ ಕಟ್ಟಿಹೋಯಿತು. ಒಂದು ಲೋಟ ನೀರು ಕೊಟ್ಟೆ, ಕುಡಿದು ಹೋದ.

ಆ ಹೆಲ್ಮ್ ಮೂರು ದಿನ ಬೀಸಿತು. ನಾಲ್ಕನೇ ದಿನ ಬೆಳಿಗ್ಗೆ ಹಿತ್ತಲಿನಲ್ಲಿ ನಿಂತು ಬೆಟ್ಟ ನೋಡಿ, ಇನ್ನೊಮ್ಮೆ ನೋಡಿ, ಸೀಮೆಸುಣ್ಣ ತೆಗೆದುಕೊಂಡು ಮುಂಬಾಗಿಲಿಗೆ ಬಂದೆ. ಲ್ಯಾಂಟಿ ಆಗಲೇ ಅಲ್ಲಿದ್ದ, ಹಲಗೆಯ ಎದುರಿಗೆ, ಬಿಳಿ ಅಂಗಿಯಲ್ಲಿ. ಅವನು ಬೆಟ್ಟಕ್ಕೆ ಬೆನ್ನು ಹಾಕಿ ನಿಂತಿದ್ದ. ನಾನು ಏನು ಬರೆಯುತ್ತೇನೆಂದು ಕಾಯುತ್ತಿದ್ದ.